ತಂತಿಗೆ ಸುತ್ತಿದ ಪಟ್ಟಿ

ಫೆಬ್ರವರಿಯ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಪ್ರಯೋಗಾಲಯದಲ್ಲಿ ಇದ್ದವರು ಇಬ್ಬರೇ: ನಾನು, ಮತ್ತು ಇಲವಾಲದಿಂದ ಬಸ್ಸಿನಲ್ಲಿ ಬರುವ ಸಂಶೋಧನಾ ವಿದ್ಯಾರ್ಥಿನಿ. ನಾನು ಅಲ್ಲಿನ ನಿವೃತ್ತ ತಂತ್ರಜ್ಞ. ನುರಿತ ಕೈ ಬೇಕಾದಾಗ ಕರೆಯುತ್ತಾರೆ, ಹೋಗುತ್ತೇನೆ.

ಅವಳ ಪ್ರಬಂಧದ ಕೊನೆಯ ಅಧ್ಯಾಯ ಒಂದು ತಂತಿಯ ಮೇಲೆ ನಿಂತಿತ್ತು. ದ್ರವ ಹೀಲಿಯಂನ ಅತಿಶೀತದಲ್ಲಿ ಮುಳುಗಿಸಿದರೆ ಆ ತಂತಿಯಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಹರಿಯುತ್ತಿರುವಾಗ ಒಂದು ಕಡೆ ಕ್ಷಣಮಾತ್ರ ಬಿಸಿ ತಾಗಿಸಬೇಕು. ಆ ಬಿಸಿಯನ್ನು ಹೀಲಿಯಂ ಹೀರಿಕೊಂಡು ತಂತಿ ತಾನಾಗಿ ಚೇತರಿಸಿಕೊಂಡರೆ ಗೆದ್ದಂತೆ, ಬಿಸಿ ಉದ್ದಕ್ಕೂ ಹಬ್ಬಿದರೆ ಸೋಲು.

ಮೂರು ಸಲ ತಾಗಿಸಿದೆವು. ಮೂರು ಸಲವೂ ಹಬ್ಬಿತು, ಕರೆಂಟ್ ಕಡಿಯಬೇಕಾಯಿತು. ಪಾತ್ರೆಯಲ್ಲಿ ಇನ್ನೊಂದು ಸಲ ತಂತಿ ಇಳಿಸಲು ಸಾಲುವಷ್ಟು ಹೀಲಿಯಂ ಮಾತ್ರ ಉಳಿದಿತ್ತು. ಹೊಸ ಹೀಲಿಯಂ ಬರುವುದು ಅವಳು ಪ್ರಬಂಧ ಒಪ್ಪಿಸುವ ಅವಧಿ ಮುಗಿದ ಮೇಲೆ.

ತಂತಿಯನ್ನು ಮೇಲೆತ್ತಿ, ಹೇರ್ ಡ್ರೈಯರ್ ಹಿಡಿದು ಮಂಜು ಆರಿಸಿ ಮೇಜಿನ ಮೇಲಿಟ್ಟೆ. ಅದು ಪಾತ್ರೆಯ ಲೋಹಕ್ಕೆ ತಾಗದಿರಲೆಂದು ನೂಲಿನ ಪಟ್ಟಿ ಸುತ್ತಿದವನು ನಾನೇ. ನಮ್ಮ ತಂದೆ ಅರಮನೆಯಲ್ಲಿ ಪೇಟ ಕಟ್ಟುತ್ತಿದ್ದವರು. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರಬೇಕು, ಸಂದು ಕಾಣಬಾರದು ಎಂದು ಕೈಗೆ ಹೊಡೆದು ಕಲಿಸಿದ್ದರು. ತಂತಿಗೂ ಹಾಗೆಯೇ ಸುತ್ತಿದ್ದೆ.

ಅವಳು ಅದನ್ನು ಬಹಳ ಹೊತ್ತು ನೋಡಿದಳು.

“ಸರ್, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಸ್ವೆಟರ್ ಹಾಕ್ಬುಟ್ಟಿದೀರಿ. ಹೀಲಿಯಂ ತಂತೀನ ಮುಟ್ಟೋದಾದ್ರೂ ಎಲ್ಲಿ?”

“ಬೆಳಿಗ್ಗೇನೇ ಹೇಳ್ಬಾರ್ದಿತ್ತೇನಮ್ಮ?”

“ನೀವು ಸುತ್ತಿದ್ದನ್ನ ಬಿಚ್ಚಿ ಅನ್ನೋ ಧೈರ್ಯ ಈ ಬಿಲ್ಡಿಂಗಲ್ಲಿ ಯಾರಿಗಿದೆ ಸರ್?”

ಕೋಪ ಬರಲಿಲ್ಲ, ನಾಚಿಕೆಯಾಯಿತು. ಪೂರ್ತಿ ಬಿಚ್ಚಿ, ಸುತ್ತು ಸುತ್ತಿನ ನಡುವೆ ಬೆಂಕಿಕಡ್ಡಿಯ ದಪ್ಪದಷ್ಟು ಸಂದು ಬಿಟ್ಟು ಮತ್ತೆ ಸುತ್ತಿದೆ. ಕೈ ಅಭ್ಯಾಸಬಲದಿಂದ ಸಂದು ಮುಚ್ಚಲು ಹೋಗುತ್ತಿತ್ತು. ಅವಳು ಕಡ್ಡಿಯೊಂದನ್ನು ಅಳತೆಗೆ ಹಿಡಿದು ಪಕ್ಕದಲ್ಲೇ ಕುಳಿತಳು.

ಮಧ್ಯಾಹ್ನ ಮೂರಕ್ಕೆ ನಿಧಾನವಾಗಿ ಇಳಿಸಿದೆವು. ಅವಳು ಬಿಸಿ ತಾಗಿಸಿದಳು. ಪರದೆಯ ಮೇಲೆ ತಂತಿಯ ತಡೆ ತೋರಿಸುವ ಗೆರೆ ಎದ್ದಿತು. ನನ್ನ ಬೆರಳು ಸ್ವಿಚ್ಚಿನ ಮೇಲಿತ್ತು. ಗೆರೆ ಒಂದು ಗಳಿಗೆ ಅಲ್ಲೇ ನಿಂತು, ಬಾಗಿ, ಸೊನ್ನೆಗೆ ಬಂದು ಮಲಗಿತು. ಇನ್ನೊಮ್ಮೆ ತಾಗಿಸಿದೆವು. ಮತ್ತೆ ಮಲಗಿತು.

ಅವಳು ಕನ್ನಡಕ ತೆಗೆದು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಒಂದು ಗಂಟೆಗೆ ಊಟ ಮಾಡುವವನು ನಾನು, ಹಸಿದದ್ದು ಆಗಲೇ ಗೊತ್ತಾಯಿತು. ಅವಳ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡೆವು.

ಆವಿಯಾದ ಹೀಲಿಯಂ, ಅದನ್ನು ಮರುಬಳಕೆಗೆ ಹಿಡಿದಿಡುವ ಚೀಲದಲ್ಲಿ ತುಂಬಿಕೊಂಡ ಮೇಲೆ ಕವಾಟ ಮುಚ್ಚಿದೆ. ಐದು ಗಂಟೆಗೆ ಲಾಗ್ ಪುಸ್ತಕದಲ್ಲಿ, ಮೊದಲ ಮೂರು ಪ್ರಯತ್ನ ಸೋತದ್ದು ತಂತಿಯ ದೋಷದಿಂದಲ್ಲ, ನಾನು ಪಟ್ಟಿ ಸುತ್ತಿದ ರೀತಿಯಿಂದ ಎಂದು ಬರೆದು ಸಹಿ ಹಾಕಿದೆ.