ತಾರೀಖು ಉಳಿಸಿಕೊಟ್ಟ ಸೆಂಟರ್ ಅಕ್ಕ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ತೆಂಗಿನಕಾಯಿ ಕೆತ್ತುವಾಗ ಮಚ್ಚು ತಗುಲಿ ಹೋದದ್ದಂತೆ. ಆ ಬೋಳು ಬೆರಳನ್ನು ಮೌಸಿಗೆ ಒತ್ತಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಪರದೆ ನೋಡುತ್ತಿದ್ದರು. ಮಾಯಸಂದ್ರದ ಬಸ್ ನಿಲ್ದಾಣದ ಹತ್ತಿರ ಅವರದೊಂದು ಕಂಪ್ಯೂಟರ್ ಸೆಂಟರ್. ಪಹಣಿಗೂ ಜೆರಾಕ್ಸಿಗೂ ನಾವೆಲ್ಲ ‘ಸೆಂಟರ್ ಅಕ್ಕ’ನ ಹತ್ತಿರವೇ ಹೋಗುತ್ತಿದ್ದೆವು. ಮಾತು ಒರಟು. ಯಾರಾದರೂ ಅವಸರ ಮಾಡಿದರೆ, “ತಡೀರಿ, ಮಿಶನ್ನಿಗೆ ನಿಮ್ ಬಸ್ಸಿನ ಟೈಮ್ ಗೊತ್ತಿಲ್ಲ” ಎನ್ನುತ್ತಿದ್ದರು. ವಯಸ್ಸಾದವರು ಬಂದರೆ ಮಾತ್ರ ತಾವೇ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು.

ಆಗ ನನ್ನ ಮಗಳಿಗೆ ಫಿಟ್ಸ್ ಬರುತ್ತಿತ್ತು. ಬಂದಾಗಲೆಲ್ಲ ವಿಡಿಯೊ ಮಾಡಿಡಿ ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ಅವಳನ್ನು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಕೂತು ಫೋನು ಹಿಡಿಯುತ್ತಿದ್ದೆ. ಎರಡು ವರ್ಷಕ್ಕೆ ಆ ಫೋನು ಹಳತಾಯಿತು. ನನ್ನ ಗಂಡ ವಿಡಿಯೊಗಳನ್ನೆಲ್ಲ ವಾಟ್ಸಾಪಿನಲ್ಲಿ ಹೊಸ ಫೋನಿಗೆ ಕಳಿಸಿಕೊಂಡು, ಹಳೆಯದನ್ನು ತಿಪಟೂರಿನ ಅಂಗಡಿಗೆ ಎಕ್ಸ್‌ಚೇಂಜಿಗೆ ಕೊಟ್ಟು ಬಂದರು.

ಡಾಕ್ಟರಿಗೆ ತೋರಿಸಲು ಪೆನ್‌ಡ್ರೈವಿಗೆ ಹಾಕಿಸೋಣವೆಂದು ಮರುದಿನ ಸೆಂಟರಿಗೆ ಹೋದೆ. ಅಕ್ಕ ಪರದೆಯನ್ನು ದಿಟ್ಟಿಸಿದರು.

“ಇವೆಲ್ಲಾ ನಿನ್ನೆ ಒಂದೇ ದಿನ ಬಂದಿದ್ದೇನೇ?”

“ಇಲ್ಲಕ್ಕ, ಎರಡು ವರ್ಷದ್ದು.”

“ಇಲ್ಲಿ ಎಲ್ಲಕ್ಕೂ ನಿನ್ನೆ ತಾರೀಖೇ ಐತೆ ಕಣೇ. ಯಾವುದು ಮೊದ್ಲು, ಯಾವುದು ಆಮೇಲೆ ಅಂತ ಡಾಕ್ಟ್ರು ಹೆಂಗೆ ತಿಳ್ಕೋಬೇಕು? ಹಳೇ ಫೋನ್ ಎಲ್ಲೈತೆ?”

ಹೇಳಿದೆ. ಅವರೇ ಅಂಗಡಿಗೆ ಫೋನ್ ಮಾಡಿ, “ಅದರಲ್ಲಿರೋದನ್ನ ಅಳಿಸಬ್ಯಾಡ್ರಿ, ಈಗಲೇ ಬತ್ತೀವಿ” ಎಂದರು. ಕಾದಿದ್ದವರಿಗೆ ಸಂಜೆ ಬರಲು ಹೇಳಿ ಬಾಗಿಲೆಳೆದು ನನ್ನ ಜೊತೆ ಬಸ್ಸು ಹತ್ತಿದರು. ದಾರಿಯಲ್ಲಿ “ಸಿಕ್ತೈತೆ ಬುಡು” ಎಂದಷ್ಟೇ ಅವರು ಒಮ್ಮೆ ಹೇಳಿದರು.

ಫೋನು ಹಾಗೇ ಇತ್ತು. ಅಂಗಡಿಯವರನ್ನು ಒಪ್ಪಿಸಿ ಸೆಂಟರಿಗೆ ತಂದ ಮೇಲೆ, ಅದರಲ್ಲೇ ವಿಡಿಯೊಗಳನ್ನೆಲ್ಲ ಒಂದು ಜಿಪ್ ಕಡತವಾಗಿ ಕಟ್ಟಿ ಕಂಪ್ಯೂಟರಿಗೆ ಸಾಗಿಸಿ ಬಿಚ್ಚಿದರು. ಹಾಗೆ ಗಂಟು ಕಟ್ಟಿದರೆ ತಾರೀಖೂ ಒಳಗೇ ಬರುತ್ತದಂತೆ. ಅಷ್ಟಕ್ಕೇ ಬಿಡದೆ, ಫೋನಿನಲ್ಲಿದ್ದುದರ ಜೊತೆ ಒಂದೊಂದನ್ನೂ ತಾಳೆ ನೋಡಿ, ಪ್ರತಿ ವಿಡಿಯೊದ ಹೆಸರಿನಲ್ಲೂ ತಾರೀಖು, ಗಂಟೆ ಟೈಪ್ ಮಾಡಿದರು.

“ಮುಂದೆ ಇನ್ಯಾವ ಮಿಶನ್ನಿಗೆ ಹೋಯ್ತದೋ. ಹೆಸರಲ್ಲಿದ್ರೆ ಕಳ್ಯಲ್ಲ.”

ಮಗಳು ಒದ್ದಾಡುವುದು ಪರದೆಯ ಮೇಲೆ ಬಂದಾಗ ಶಬ್ದ ತೆಗೆದುಬಿಟ್ಟರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಡಾಕ್ಟರು ಅವನ್ನು ಸಾಲಾಗಿ ನೋಡಿದರು. ನಡುವೆ ಒಮ್ಮೆ ಮಾತ್ರೆ ಬದಲಿಸಿದ ಮೇಲೆ ಫಿಟ್ಸ್ ಬೆಳಗಿನ ಜಾವವೇ ಬರುತ್ತಿದೆ, ಮೊದಲಿಗಿಂತ ಪದೇ ಪದೇ ಬರುತ್ತಿದೆ ಎಂದು ಅವರಿಗೆ ಕಂಡಿತು. ಆ ಮಾತ್ರೆ ನಿಲ್ಲಿಸಿ ಬೇರೆ ಬರೆದರು. ನಿಧಾನವಾಗಿ ಮಗಳು ಸುಧಾರಿಸಿದಳು.

ಹೋದ ವರ್ಷ ಸೆಂಟರ್ ಅಕ್ಕ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ನನ್ನ ಮಗಳೂ ಬಂದಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ಡಾಕ್ಟರು, ಇನ್ನು ಮಾತ್ರೆಯೇ ಬೇಡ ಎಂದರು. ಮಾಯಸಂದ್ರದಲ್ಲಿ ಬಸ್ಸಿಳಿದವಳು ಆ ಸುದ್ದಿ ಹೇಳಲೆಂದು ನೇರ ಸೆಂಟರಿನ ಕಡೆಗೆ ನಡೆದೆ. ಮುಚ್ಚಿದ ಬಾಗಿಲು ಕಂಡ ಮೇಲೆಯೇ ನೆನಪಾದದ್ದು.