ದುರ್ಬೀನಿಗೆ ಹೊಲಿದ ಕಾಲರ್

ಹೊನ್ನಾಳಿಯ ಟೇಲರ್ ಬುಡನ್‌ಸಾಬರ ಅಂಗಡಿಗೆ ಜಂಪರ್ ಹೊಲಿಸಲು ಹೋದವರು ಬರೀ ಅಳತೆ ಕೊಟ್ಟು ಬರುವಂತಿಲ್ಲ, ಮಗಳ ಕಥೆಯನ್ನೂ ಕೇಳಲೇಬೇಕು. "ನಮ್ಮ ನಿಲೋಫರ್ ಹೊಲಿಗೆ ಆಕಾಶದಾಗೈತ್ರೀ!" ಎಂದು ಮುದುಕರು ಶುರುಮಾಡಿದರೆ, ಪಕ್ಕದಲ್ಲೇ ಮಿಷನ್ ತುಳಿಯುವ ನಿಲೋಫರ್ ತಲೆ ಎತ್ತುತ್ತಿರಲಿಲ್ಲ. ನಾಚಿಕೆ ಅಂದುಕೊಂಡಿದ್ದರು ಜನ. ನಾಚಿಕೆ ಎಲ್ಲಿಯದು, ಅದು ಭಯ.

ಹನ್ನೆರಡು ವರ್ಷದ ಹಿಂದೆ ಅವಳು ಬೆಂಗಳೂರಿನಲ್ಲಿ ಬಾಹ್ಯಾಕಾಶದ ದುರ್ಬೀನಿಗೆ ಬಿಸಿಲು-ಚಳಿ ತಡೆಯುವ ಹೊದಿಕೆ ಹೊಲಿಯುವ ಗುತ್ತಿಗೆ ಕೆಲಸಕ್ಕಿದ್ದಳು. ಎಂಥಾ ದಿನಗಳವು! ಬಿಳಿ ನಿಲುವಂಗಿ, ಬಾಯಿಗೆ ಮಾಸ್ಕು, ಕೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಹಾಳೆ. ನೆನೆದರೆ ಈಗಲೂ ಜೀವ ಅಲ್ಲಿಗೇ ಎಳೆಯುತ್ತದೆ. ಮೇಲ್ವಿಚಾರಕಿ ರುದ್ರಾಣಿ, ಪಕ್ಕದೂರು ನ್ಯಾಮತಿಯವರು. ಮಧ್ಯಾಹ್ನ ರೊಟ್ಟಿ ಹಂಚಿಕೊಳ್ಳುತ್ತಾ ಹೇಳುತ್ತಿದ್ದರು: "ನಕ್ಷತ್ರ ಸಿಡಿದಾಗ, ಕಪ್ಪುರಂಧ್ರ ನಕ್ಷತ್ರಾನ ನುಂಗಿದಾಗ ಎಕ್ಸ್‌ರೇ ಹೊಮ್ತಾವೆ. ನಮ್ಮ ಗಾಳಿ ಅದನ್ನ ಕೆಳಗೆ ಬಿಡಂಗಿಲ್ಲ. ಅದಕ್ಕೇ ನೋಡಾಕೆ ದುರ್ಬೀನೇ ಮೇಲೆ ಹೋಗ್ಬೇಕು."

ಹೊಸಬಳಿಗೆ ಸಿಕ್ಕಿದ್ದು ಒಂದೇ ತುಂಡು, ದುರ್ಬೀನಿನ ಬಾಯಿ ಸುತ್ತ ಬರುವ ಪಟ್ಟಿ. 'ಕಾಲರ್' ಅಂತ ಅವಳೇ ಹೆಸರಿಟ್ಟಳು. ಅದನ್ನು ಹೊಲಿಯುವಾಗಲೇ ಎಡವಟ್ಟಾಯಿತು. ದಾರ ಸೂಜಿಗೆ ಹೋಗಲೊಲ್ಲದು. ಅಪ್ಪನ ಅಂಗಡಿಯ ಅಭ್ಯಾಸ ನೋಡಿ, ಮಾಸ್ಕು ಸರಿಸಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿಬಿಟ್ಟಳು. ಎಂಜಲಿನ ಪಸೆ ಆಕಾಶಕ್ಕೆ ಹೋದಮೇಲೆ ಆವಿಯಾಗಿ ಒಳಗಿನ ಕನ್ನಡಿಗೆ ಕೂತರೆ ದುರ್ಬೀನು ಕುರುಡಾದಂತೆ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಯಾರೂ ನೋಡಲಿಲ್ಲವೆಂದು ಸುಮ್ಮನಾದಳು.

ಮೊನ್ನೆ ಪೇಪರಿನಲ್ಲಿ ಬಂತು, ಆ ದುರ್ಬೀನಿನ ನೋಟ ಮಂದವಾಗುತ್ತಿದೆಯಂತೆ. ತನ್ನ ಎಂಜಲೇ ಕಾರಣವೆಂದು ನಿಲೋಫರ್ ನಂಬಿಬಿಟ್ಟಳು. "ಮೇಡಂಗೆ ಫೋನ್ ಮಾಡಿ ಬರ್ತೀನಿ ಅಬ್ಬಾ" ಎಂದು ಅಪ್ಪನಿಗೆ ಹೇಳಿ ಅಂಗಡಿಯ ಹಿಂದಕ್ಕೆ ಹೋಗಿ, ರುದ್ರಾಣಿಗೆ ಎಲ್ಲ ಒಪ್ಪಿಸಿ ಅತ್ತಳು.

"ಅಯ್ಯೋ ಹುಚ್ಚಿ! ಐದು ವರ್ಷ ಬಾಳ್ಲಿ ಅಂತ ಕಳ್ಸಿದ್ದು, ಹತ್ತು ವರ್ಷ ದುಡಿದೈತೆ. ವಯಸ್ಸಾತು, ಅಷ್ಟೇ. ನೀನು ದಾರ ನೆಕ್ಕಿದ್ದನ್ನ ಗಾಜಿನ ಆಚೆಯಿಂದ ನಾನು ನೋಡಿದ್ದೆ. ಆ ತುಂಡು ತೆಗೆದಿಟ್ಟು, ನಾನೇ ಬೇರೆ ಹೊಲಿದು ಹಾಕ್ದೆ. ಬಾಯಿಬಿಟ್ರೆ ನಿನ್ನ ಕೆಲ್ಸ ಹೋಗ್ತಿತ್ತಲ್ಲ."

ಗುಡ್ಡದಂಥ ಭಾರ ಇಳಿಯಿತು. ಮರುಕ್ಷಣವೇ ಇನ್ನೊಂದು ಮಾತು ಹೊಳೆಯಿತು.

"ಹಂಗಾದ್ರೆ ಮೇಲಿರೋದು ನಂದಲ್ವಾ ಮೇಡಂ?"

"ಇಲ್ಲ ಕಣವ್ವ" ಎಂದರು ರುದ್ರಾಣಿ, ಮೆಲ್ಲಗೆ.

ಕಣ್ಣೊರೆಸಿಕೊಂಡು ಒಳಗೆ ಬಂದರೆ, ಬುಡನ್‌ಸಾಬರು ಗಿರಾಕಿಗಳ ಎದುರೇ ಕೇಳಿದರು: "ಮೇಡಂ ಏನಂದ್ರು ಬೇಟಿ? ನಿನ್ನ ಹೊಲಿಗೆ ಹೆಂಗೈತಂತೆ?"

ನಿಲೋಫರ್ ಅಪ್ಪನ ಮುಖವನ್ನೇ ನೋಡಿದಳು.

"ಗಟ್ಟಿ ಐತಂತೆ ಅಬ್ಬಾ. ಒಂದು ಎಳೇನೂ ಬಿಟ್ಟಿಲ್ವಂತೆ."