ಏಣಿಯವರ ಹುಡುಗಿ

ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ ಆ ರಟ್ಟಿನ ಲಕೋಟೆ ಸಿಕ್ಕಿತು. ಮೇಲೆ ಹಸಿರು ಮೀನಿನ ಚಿತ್ರ, ಒಳಗೆ ಹಾಡಿನ ಕಪ್ಪು ತಟ್ಟೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡ್ಯದ ನಮ್ಮ ಎದುರುಮನೆ ಅಕ್ಕ ನೆನಪಾದಳು...

ಎಪ್ಪತ್ತರ ದಶಕದ ಮಾತು. ಅಕ್ಕನ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದರು, ಅಣ್ಣ ಹಡಗಿನ ಕೆಲಸದಲ್ಲಿದ್ದ. ಒಮ್ಮೆ ರಜೆಗೆ ಬಂದವನು ತಂಗಿಗೆ ಸೀರೆ ತರುವುದು ಬಿಟ್ಟು ವಿಲಾಯತಿ ರಾಕ್ ತಂಡಗಳ ಎರಡು ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಕೊಟ್ಟು ಹೋದ. ಒಂದೊಂದು ಹಾಡೂ ತಟ್ಟೆಯ ಒಂದು ಮಗ್ಗುಲನ್ನೇ ನುಂಗುವಷ್ಟು ಉದ್ದ. ನಡುನಡುವೆ ಆರ್ಗನ್ನು, ಗಂಟೆ, ಗಾಳಿಯ ಸದ್ದು. ಇದಕ್ಕೆ ಆರ್ಟ್ ರಾಕ್ ಅನ್ನುತ್ತಾರೆಂದು ಅವನೇ ಹೇಳಿದ್ದ. ತಂಡಗಳ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಲಕೋಟೆಯ ಮೇಲೆ ಏಣಿ ಇದ್ದವರು ಏಣಿಯವರು, ಮೀನು ಇದ್ದವರು ಮೀನಿನವರು.

ಅವರ ಮನೆಯ ಪ್ಲೇಯರು ಸಿನಿಮಾ ಹಾಡಿನ ಸಣ್ಣ ತಟ್ಟೆಗಳಿಗೆಂದು ಕೊಂಡದ್ದು. ವೇಗ ಬದಲಿಸುವ ಗುಂಡಿ ಎಂದೋ ಮುರಿದು ಹೋಗಿತ್ತು. ನಮಗೆ ತಟ್ಟೆ ತಿರುಗಿದರೆ ಸಾಕಾಗಿತ್ತು. ನಾನು ಕಾಲೇಜು ಮುಗಿಸಿ ಬಂದವಳೇ ಅಲ್ಲಿ ಹಾಜರಾಗುತ್ತಿದ್ದೆ.

ಏಣಿಯವರಲ್ಲಿ ಹಾಡುವವಳು ಒಬ್ಬ ಹುಡುಗಿ. ತೆಳ್ಳನೆಯ, ಅವಸರದ ದನಿ. ಅಕ್ಕನಿಗೆ ಅವಳೆಂದರೆ ಪ್ರಾಣ. ಮೀನಿನವರಲ್ಲಿ ಹಾಡೇ ಇಲ್ಲ, ಬರೀ ವಾದ್ಯ. ನಾನು ಆ ಪಕ್ಷ.

"ನಿನ್ ಮೀನ್‌ನೋರು ಬರೀ ಡಬ್ಬ ಬಡೀತಾರೆ ಬುಡೇ," ಅನ್ನುತ್ತಿದ್ದಳು ಅಕ್ಕ. "ಈ ಉಡ್ಗಿ ಗಂಟ್ಲು ಕೇಳು. ಯಾರ್ಗೂ ಏಳ್ದೆ ಎಲ್ಲೋ ಓಡೋಯ್ತಾ ಅವ್ಳೆ."

ನಾನೂ ಸೋಲುವವಳಲ್ಲ. ಜಗಳ ಜೋರಾದರೆ ಅವಳ ಅವ್ವ ಒಳಗಿನಿಂದಲೇ ತೀರ್ಪು ಕೊಡುತ್ತಿದ್ದರು: "ಎಲ್ಡೂ ಒಂದೇ ಕಣ್ರವ್ವಾ, ಬಚ್ಚಲಲ್ಲಿ ಬಿಂದ್ಗೆ ಉಳ್ಳಾಡ್ದಂಗದೆ!"

ಅಕ್ಕನಿಗೆ ಇನ್ನೂ ಓದುವ ಆಸೆಯಿತ್ತು. ಕೇಳಿದವರಿಲ್ಲ. ಮಳವಳ್ಳಿಗೆ ಮದುವೆ ಗೊತ್ತಾಯಿತು. ಗಂಡಿನ ಮನೆಯಲ್ಲಿ ಹೊಸ ಪ್ಲೇಯರು ಇದೆಯೆಂಬುದೊಂದೇ ಅವಳಿಗೆ ಸಮಾಧಾನ. ಹೊರಡುವ ಹಿಂದಿನ ದಿನ ಮೀನಿನವರನ್ನು ನನ್ನ ಕೈಗಿಟ್ಟಳು. ಏಣಿಯವರನ್ನು ಸೀರೆಗಳ ನಡುವೆ ಮಡಗಿಕೊಂಡಳು.

"ಅಲ್ಲಿ ನಂಗ್ಯಾರೂ ಗೊತ್ತಿಲ್ಲ ಕಣೇ. ಇವ್ಳಾದ್ರೂ ಜೊತೆಗಿರ್ತಾಳೆ."

ಕೆಲವು ತಿಂಗಳ ಮೇಲೆ ಬಸ್ಸು ಹತ್ತಿ ಅವಳನ್ನು ನೋಡಲು ಹೋದೆ. ಕಾಫಿ ಕೊಟ್ಟಳು. ನಾನು ಚೇಷ್ಟೆಗೆ, "ಎಲ್ಲಿ ನಿನ್ನ ಹುಡುಗಿ?" ಅಂದೆ. ಅಕ್ಕ ತಟ್ಟೆ ಹಾಕಿದಳು. ಹಾಡಿದ್ದು ಒಬ್ಬ ಗಂಡಸು! ದಪ್ಪ ದನಿ, ಕಬ್ಬಿನ ಗಾಡಿ ಏರು ಹತ್ತಿದ ಹಾಗೆ ನಿಧಾನ.

"ತಟ್ಟೆ ಅದೇಯ," ಅಂದಳು. "ದೊಡ್ ತಟ್ಟೆ ನಿಧಾನಕ್ಕೆ ತಿರುಗ್ಬೇಕಂತೆ. ಮಂಡ್ಯದ್ ನಮ್ಮನೇದು ಓಡುಸ್ತಿತ್ತು. ಇವ್ರೇ ಏಳುದ್ರು. ಅವ್ಳು ಇರ್ಲೇ ಇಲ್ಲ ಕಣೇ."

"ಇದ್ರಲ್ಲೂ ಗುಂಡಿ ತಿರುಗ್ಸಿ ಓಡ್ಸಿದ್ರಾಯ್ತಲ್ಲಕ್ಕ."

"ಓಡುಸ್ದೆ. ಗೊತ್ತಾದ್ಮ್ಯಾಕೆ ಅವ್ಳು ಬರಾಕಿಲ್ಲ."

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು. ಆಮೇಲೆ ನಾನು ಬಸ್ಸಿನ ಹೊತ್ತು ಕೇಳಿದೆ...

ಅಕ್ಕ ತೀರಿಕೊಂಡು ವರ್ಷಗಳಾದವು. ಮೊನ್ನೆ ಲಕೋಟೆ ಸಿಕ್ಕಮೇಲೆ ಮೊಮ್ಮಗಳು ಫೋನಿನಲ್ಲಿ ಎರಡು ತಂಡಗಳನ್ನೂ ಹುಡುಕಿಕೊಟ್ಟಳು. ಮೀನಿನವರು ನಿಜಕ್ಕೂ ಡಬ್ಬವನ್ನೇ ಬಡಿಯುತ್ತಿದ್ದರು. ಏಣಿಯವರನ್ನು ಹಾಕಿಸಿ, ವೇಗ ಹೆಚ್ಚಿಸು ಅಂದೆ. ಹೆಚ್ಚಿಸಿದಳು. ಹಾಡು ಓಡಿತು, ದನಿ ಮಾತ್ರ ಗಂಡಸಿನದೇ. ಎಷ್ಟು ಓಡಿಸಿದರೂ ಈಗಿನ ಫೋನಿನಲ್ಲಿ ದನಿ ಬದಲಾಗುವುದಿಲ್ಲವಂತೆ.

"ನಿಮಗೆ ಯಾರು ಇಷ್ಟ ಅಜ್ಜಿ?" ಅಂದಳು ಮೊಮ್ಮಗಳು.

ಏಣಿಯವರು ಅಂದೆ. ಆ ಗಂಡಸಲ್ಲ, ಮಂಡ್ಯದಲ್ಲಿ ಹಾಡುತ್ತಿದ್ದಳಲ್ಲ, ಆ ಹುಡುಗಿ. ಅಕ್ಕನೊಂದಿಗೆ ಅಷ್ಟು ಜಗಳವಾಡಿ ಕೊನೆಗೆ ನಾನೇ ಸೋತಿದ್ದೆ. ಸೋತೆ ಕಣಕ್ಕ ಎಂದು ಹೇಳೋಣವೆಂದರೆ ಅವಳೂ ಇಲ್ಲ.